ಅಪ್ಪನ 250, ಮಗನ 570

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಮಗ ಕೇಳಿದ, “ಅಮ್ಮ, ನಿನ್ನ ಎಫ್‌ಡಿ ಯಾವಾಗ ಮೆಚ್ಯೂರ್ ಆಗುತ್ತೆ?”

ನಾನು ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವಳು. ಸಾಲ ಕೇಳಲು ಬರುವವರು ಮೊದಲು ಮಳೆ, ಬೆಳೆ, ಮಕ್ಕಳ ಓದು ಎಲ್ಲ ಮಾತಾಡಿ ಕೊನೆಗೆ ವಿಷಯಕ್ಕೆ ಬರುತ್ತಾರೆ. ಇವನು ಸಾರು ಬಡಿಸುವ ಮೊದಲೇ ಬಂದಿದ್ದ.

ಎರಡು ವರ್ಷದ ಹಿಂದೆ ಅವನು ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು, ಸುಂಟಿಕೊಪ್ಪದ ಹತ್ತಿರ ಸ್ನೇಹಿತನ ಕಾಫಿ ತೋಟದಲ್ಲಿ ಐದು ಎಟಿವಿ ಇಟ್ಟುಕೊಂಡ. ದಪ್ಪ ಟೈರಿನ ನಾಲ್ಕು ಚಕ್ರ, ಬೈಕಿನಂಥ ಹ್ಯಾಂಡಲ್. ವಾರದ ಕೊನೆಯಲ್ಲಿ ಕೊಡಗಿಗೆ ಬರುವ ಪ್ರವಾಸಿಗರನ್ನು ತೋಟದೊಳಗಿನ ಮಣ್ಣುದಾರಿಯಲ್ಲಿ ಒಂದು ಸುತ್ತು ಓಡಿಸುವುದು ಅವನ ವ್ಯಾಪಾರ. ಎಲ್ಲವೂ 150 ಸಿ.ಸಿ. ಗಾಡಿಗಳು. ಏರಿನಲ್ಲಿ ಏದುಸಿರು ಬಿಡುತ್ತವೆ, ತಿಂಗಳಲ್ಲಿ ಅರ್ಧ ದಿನ ಒಂದಲ್ಲ ಒಂದು ರಿಪೇರಿಯಲ್ಲಿರುತ್ತದೆ ಎಂಬುದು ಅವನ ದೂರು.

ಅವನ ತಲೆಯಲ್ಲಿ ಎರಡು ದಾರಿಗಳಿದ್ದವು. ಒಂದು, ಇರುವ ಎಂಜಿನ್ನಿಗೇ ದೊಡ್ಡ ಸಿಲಿಂಡರ್ ಕೂರಿಸುವುದು. ಇನ್ನೊಂದು, ಮೂರು ಗಾಡಿ ಮಾರಿ, ಮೇಲಿಷ್ಟು ಹಣ ಹಾಕಿ ಒಂದು ಸೆಕೆಂಡ್ ಹ್ಯಾಂಡ್ ಪೋಲಾರಿಸ್ ಸ್ಪೋರ್ಟ್ಸ್‌ಮನ್ 570 ತರುವುದು. ಫೋನಿನಲ್ಲಿ ಚಿತ್ರ ತೋರಿಸಿದ. 567 ಸಿ.ಸಿ., 44 ಅಶ್ವಶಕ್ತಿ. “ಇದು ಬಂದ್ರೆ ಯಾವ ಏರೂ ಲೆಕ್ಕಕ್ಕಿಲ್ಲ,” ಎಂದ.

ಪಕ್ಕದಲ್ಲಿ ಅಪ್ಪ ಮೊಸರನ್ನ ಕಲಸುತ್ತಿದ್ದರು. ಅಪ್ಪನಿಗೆ ಈಗ ಎಂಬತ್ತಮೂರು. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾದ ಮರುವರ್ಷವೇ ಕೆಲಸಕ್ಕೆ ಸೇರಿದವರು. ಮೊದಲು ಜಾವಾ, 1973ರಿಂದ ಯೆಜ್ಡಿ. ಎಂಜಿನ್ ಜೋಡಿಸುವ ಬೆಂಚಿನಲ್ಲೇ ಅವರ ಆಯಸ್ಸು ಕಳೆಯಿತು. ಒಂಟಿಕೊಪ್ಪಲಿನ ನಮ್ಮ ಮನೆಯಲ್ಲಿ ಸಂಜೆ ಐದೂವರೆಗೆ ಡುಗುಡುಗು ಸದ್ದು ಕೇಳಿದರೆ ಅಮ್ಮ ಕಾಫಿಗೆ ನೀರಿಡುತ್ತಿದ್ದಳು. ಆ ಯೆಜ್ಡಿ ಇವತ್ತಿಗೂ ಹಿತ್ತಲಲ್ಲಿ ಟಾರ್ಪಾಲು ಹೊದ್ದು ನಿಂತಿದೆ.

“ಸಿಲಿಂಡರ್ ಅಗಲ ಎಷ್ಟೋ?” ಎಂದರು ಅಪ್ಪ.

“57.4 ಮಿಲಿಮೀಟರ್, ತಾತ. ಕಿಟ್ ಹಾಕಿದ್ರೆ 63. ಆಗ 150 ಹೋಗಿ 180 ಸಿ.ಸಿ. ಆಗುತ್ತೆ.”

“ಮೂವತ್ತು ಸಿ.ಸಿ. ಬಂತು. ಫ್ಯಾನು?”

“ಅದೇ.”

“ಬೆಲ್ಟು? ಬೇರಿಂಗು? ಕ್ರ್ಯಾಂಕು?”

“ಎಲ್ಲ ಅದೇ.”

“ಹಂಗಾದ್ರೆ ಶಕ್ತಿ ಹೆಚ್ಚಾಗಲ್ಲ ಕಣೋ, ಕೆಡೋ ಜಾಗ ಬದಲಾಗುತ್ತೆ. ಸಿಲಿಂಡರ್ ಗೋಡೆ ತೆಳುವಾಗುತ್ತೆ, ಬಿಸಿ ಜಾಸ್ತಿ ಆಗುತ್ತೆ, ಅದನ್ನ ಆರಿಸೋಕೆ ಗಾಳಿ ಮಾತ್ರ ಮೊದಲಿನಷ್ಟೇ.” ಯೆಜ್ಡಿಯ ಸಿಲಿಂಡರ್ ಅಗಲ 65 ಮಿ.ಮೀ., ಪಿಸ್ಟನ್ನಿನ ಓಟ 75 ಮಿ.ಮೀ. ಸವೆದ ಸಿಲಿಂಡರನ್ನು ಕಾಲು ಕಾಲು ಮಿಲಿಮೀಟರಿನಂತೆ ರೀಬೋರ್ ಮಾಡುತ್ತಾ ಹೋಗಿ, ಪೂರ್ತಿ ಒಂದು ಮಿ.ಮೀ. ಕೊರೆದರೂ ಸಿಗುವುದು ಏಳೆಂಟು ಸಿ.ಸಿ. ಮಾತ್ರ. ಅದು ಎಂಜಿನ್ನಿನ ಆಯಸ್ಸು ಉಳಿಸಲು ಮಾಡುವ ಕೆಲಸ, ಬಲ ಹೆಚ್ಚಿಸಲು ಅಲ್ಲ ಎಂದು ಅಪ್ಪ ವಿವರಿಸಿದರು. ಅವರ ಕಾರ್ಖಾನೆಯಿಂದಲೇ ಎಂಬತ್ತರ ದಶಕದಲ್ಲಿ ಎರಡು ಸಿಲಿಂಡರಿನ 350 ಟ್ವಿನ್ ಹೊರಬಂದಿತ್ತು. ಓಡಿಸಿದವರು ಇವತ್ತಿಗೂ ಹೊಗಳುತ್ತಾರೆ. ಆದರೆ 250ರ ಹಾಗೆ ಅದು ಊರೂರು ಸೇರಲಿಲ್ಲ. “ಎರಡು ಪಿಸ್ಟನ್ ಅಂದ್ರೆ ನೋಡಿಕೊಳ್ಳೋದೂ ಎರಡು. 250 ಆದ್ರೆ ಹಳ್ಳಿ ಸೈಕಲ್ ಶಾಪಿನವನೂ ಬಿಚ್ಚಿ ಜೋಡಿಸ್ತಿದ್ದ.”

ಮಗನಿಗೆ ರೇಗಿತು. “ಅಷ್ಟು ಚೆನ್ನಾಗಿದ್ದಿದ್ರೆ ಫ್ಯಾಕ್ಟರಿ ಯಾಕೆ ತಾತ ಮುಚ್ಚಿತು?”

ಆ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ. 1996ರಲ್ಲಿ ಕಾರ್ಖಾನೆ ನಿಂತಾಗ ಅಪ್ಪನಿಗೆ ಐವತ್ತನಾಲ್ಕು. ಮಗನಿಗೆ ಎರಡು ವರ್ಷ. ಬೆಳಗ್ಗೆ ಎದ್ದು ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೋಗಲು ಜಾಗವಿಲ್ಲದೆ ಅಪ್ಪ ಮೊಮ್ಮಗನನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಬೀದಿ ಸುತ್ತುತ್ತಿದ್ದರು. ಬ್ಯಾಂಕಿನ ಕೆಲಸ ಹೇಗೇ ಇರಲಿ ಬಿಡಬಾರದು ಎಂದು ನಾನು ಗಟ್ಟಿ ಮಾಡಿಕೊಂಡಿದ್ದು ಆ ವರ್ಷವೇ. ಆಮೇಲೆ ಬಂದ ಎರಡು ಬಡ್ತಿಗಳನ್ನು ವರ್ಗಾವಣೆಯ ಭಯಕ್ಕೆ ಬೇಡವೆಂದೆ.

ಅಪ್ಪ ಕೈ ತೊಳೆದು ಬಂದು ಕೂತರು. “ಕಾರಣ ಒಂದೇ ಅಲ್ಲ. ಆದ್ರೆ ನಮ್ಮನ್ನ ಸೋಲಿಸಿದ್ದು ದೊಡ್ಡ ಎಂಜಿನ್ ಅಲ್ಲ ಕಣೋ, ನಮಗಿಂತ ಚಿಕ್ಕದು. 85ರಲ್ಲಿ ಹೀರೋ ಹೋಂಡಾ ಬಂತು. 100 ಸಿ.ಸಿ., ಫೋರ್ ಸ್ಟ್ರೋಕು. ಆಯಿಲ್ ಬೆರೆಸೋ ಗೋಜಿಲ್ಲ, ಪೆಟ್ರೋಲ್ ಕುಡಿಯೋದೇ ಇಲ್ಲ. ಕೆಲಸಕ್ಕೆ ಹೋಗಿ ಬರೋ ಜನಕ್ಕೆ ಅದು ಬೇಕಾಗಿತ್ತು. ನಮ್ಮದು ಕೈಕೊಡಲ್ಲ ಅಂತ ನಾವು ಹೇಳ್ತಾನೇ ಇದ್ವಿ. ಜನ ಬೇರೆ ಏನೋ ಕೇಳ್ತಿದ್ರು.” ಸ್ವಲ್ಪ ಸುಮ್ಮನಿದ್ದು ಮುಂದುವರಿಸಿದರು. “ನಿನ್ನ ಗಾಡಿಗಳು ಎಲ್ಲಿ ನಿಲ್ತಾವೆ, ಯಾತಕ್ಕೆ ನಿಲ್ತಾವೆ, ಬರೆದಿಟ್ಟಿದ್ದೀಯಾ?”

ಬರೆದಿಟ್ಟಿರಲಿಲ್ಲ. ಎರಡು ತಿಂಗಳ ಲೆಕ್ಕ ತಂದರೆ ಮಾತ್ರ ಎಫ್‌ಡಿ ವಿಷಯ ಎಂದು ನಾನು ಹೇಳಿದೆ. ಅದು ಅಮ್ಮನ ಮಾತೋ ಮ್ಯಾನೇಜರಿನ ಮಾತೋ ನನಗೇ ತಿಳಿಯಲಿಲ್ಲ.

ಡಿಸೆಂಬರಿನಲ್ಲಿ ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಹುಣಸೂರು, ಕುಶಾಲನಗರದ ಮೇಲೆ ಹೋದೆವು. ಮಗ ನೋಟ್‌ಬುಕ್ ಕೊಟ್ಟ. ಎರಡು ತಿಂಗಳಲ್ಲಿ ಗಾಡಿಗಳು ನಿಂತದ್ದು ಹದಿನಾಲ್ಕು ಸಲ. ಐದು ಸಲ ಬೆಲ್ಟ್, ಮೂರು ಸಲ ಚಕ್ರದ ಬೇರಿಂಗ್, ಮೂರು ಸಲ ಬ್ಯಾಟರಿ ಅಥವಾ ವೈರು, ಒಂದು ಸಲ ಏರ್ ಫಿಲ್ಟರಿಗೆ ಕೆಸರು. ಎಂಜಿನ್ ಬಿಸಿಯಾಗಿ ನಿಂತದ್ದು ಎರಡೇ ಸಲ. ಎರಡೂ ಒಂದೇ ಏರಿನಲ್ಲಿ, ಎರಡು ಸಲವೂ ಗಾಡಿಯ ಮೇಲೆ ಇಬ್ಬರು ದಢೂತಿ ಜನ.

ಆ ಏರನ್ನು ನಾನೂ ಹತ್ತಿದೆ, ಮಗನ ಹಿಂದೆ ಕೂತು. ಅರ್ಧಕ್ಕೆ ಬರುವಷ್ಟರಲ್ಲಿ ಎಂಜಿನ್ ಕಿರುಚತೊಡಗಿತು, ರಬ್ಬರ್ ಸುಟ್ಟ ವಾಸನೆ ಬಂತು. ಮಗನ ದೂರು ಸುಳ್ಳಲ್ಲ ಎಂದು ಆಗ ಗೊತ್ತಾಯಿತು. ಅಪ್ಪನೂ ಅದನ್ನು ಒಪ್ಪಿದರು. ಚಿಕ್ಕ ಎಂಜಿನ್ನನ್ನು ಪೂರ್ತಿ ದುಡಿಸಿದರೆ ಅದು ಬೇಗ ಸವೆಯುತ್ತದೆ, ದೊಡ್ಡದು ಅದೇ ಏರನ್ನು ಅರ್ಧ ಬಲದಲ್ಲಿ ಹತ್ತಿ ಹೆಚ್ಚು ವರ್ಷ ಬಾಳಬಹುದು. ಆದರೆ ಆ 570ರ ತೂಕ 300 ಕೆ.ಜಿ.ಗೂ ಹೆಚ್ಚು. ಹೂತರೆ ಎಳೆಯಲು ತೋಟದ ಆಳುಗಳನ್ನೆಲ್ಲ ಕರೆಯಬೇಕು. ನೀರಿನಿಂದ ತಣಿಯುವ ಎಂಜಿನ್ ಆದ್ದರಿಂದ ರೇಡಿಯೇಟರಿಗೆ ಕೆಸರು ಮೆತ್ತದಂತೆ ದಿನವೂ ತೊಳೆಯಬೇಕು. ಬಿಡಿಭಾಗ ಬೇಕಾದರೆ ಸುಂಟಿಕೊಪ್ಪದ ಮೆಕ್ಯಾನಿಕ್ ಬಳಿ ಸಿಗುವುದಿಲ್ಲ, ತರಿಸಬೇಕು. ಬರುವವರೆಗೂ ಗಾಡಿ ಶೆಡ್ಡಿನಲ್ಲಿ.

ಅಲ್ಲಿಂದ ಮುಂದಿನ ಲೆಕ್ಕ ನನಗೆ ಬರುತ್ತಿತ್ತು. ಐದರಲ್ಲಿ ಒಂದು ನಿಂತರೆ ಆ ದಿನದ ಐದನೇ ಒಂದು ಭಾಗ ಹೋಯಿತು. ಮೂರನ್ನು ಮಾರಿ ಒಂದನ್ನು ತಂದು, ಆ ಒಂದು ನಿಂತರೆ? ಇಡೀ ದುಡ್ಡನ್ನು ಒಬ್ಬನೇ ಸಾಲಗಾರನಿಗೆ ಕೊಡಬಾರದೆಂದು ಬ್ಯಾಂಕಿಗೆ ಸೇರಿದ ಹೊಸದರಲ್ಲೇ ನಮಗೆ ಕಲಿಸಿದ್ದರು.

ಸಂಜೆ ಶೆಡ್ಡಿನಲ್ಲಿ ಅಪ್ಪ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಹಿಂದಿನ ಚಕ್ರದ ಸ್ಪ್ರಾಕೆಟ್ ಹಲ್ಲು ಎಣಿಸಿದರು. 37. “ಇದನ್ನ 41 ಮಾಡು,” ಎಂದರು. ವೇಗ ಹತ್ತರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ, ಎಳೆಯುವ ಬಲ ಅಷ್ಟೇ ಹೆಚ್ಚುತ್ತದೆ. ಮೂವತ್ತು ಸಿ.ಸಿ. ಹೆಚ್ಚಿಸುವುದಕ್ಕಿಂತ ಇದು ಸೋವಿ, ಬೇಡವಾದರೆ ಹಳೆಯದನ್ನೇ ಹಾಕಬಹುದು. ಬೆಲ್ಟ್ ಓಡುವ ಪುಲ್ಲಿಯೊಳಗೆ ಹಗುರವಾದ ರೋಲರ್ ಹಾಕಿದರೆ ಎಂಜಿನ್ ಏರಿನಲ್ಲಿ ಉಸಿರು ಕಟ್ಟುವುದಿಲ್ಲ ಎಂದು ಮೆಕ್ಯಾನಿಕ್ ಸೇರಿಸಿದ. ಆ ಏರಿಗೆ ಒಬ್ಬರೇ ಹೋಗಬೇಕು, ಇಬ್ಬರಿದ್ದರೆ ಕೆರೆ ಪಕ್ಕದ ಸುತ್ತುದಾರಿ ಎಂದು ಮಗ ತಾನೇ ನಿಯಮ ಮಾಡಿದ. ಬೆಲ್ಟನ್ನು ಹರಿಯುವ ಮೊದಲೇ ಅಗಲ ಅಳೆದು ಬದಲಿಸುವುದೆಂದಾಯಿತು. ಎಲ್ಲ ಖರ್ಚನ್ನೂ ಅವನು ಕೈಯಿಂದಲೇ ಹಾಕಿದ.

ಆಮೇಲಿನ ಎರಡು ತಿಂಗಳಲ್ಲಿ ನೋಟ್‌ಬುಕ್ಕಿನಲ್ಲಿ ನಾಲ್ಕೇ ಸಾಲು. ಆದರೆ ನಾಲ್ಕು ಸಾಲಿನ ಕೆಳಗೆ ಅವನು ಇನ್ನೊಂದು ಪಟ್ಟಿಯನ್ನೂ ಶುರು ಮಾಡಿದ್ದ. ‘ಸ್ಪೀಡ್ ಸಾಲದು’ ಎಂದು ಹೇಳಿ ಹೋದವರ ಲೆಕ್ಕ ಅದು. ಹನ್ನೊಂದು ಜನ. ಅಪ್ಪ ಕನ್ನಡಕ ಸರಿ ಮಾಡಿಕೊಂಡು ಎರಡೂ ಪಟ್ಟಿ ಓದಿ, ಎರಡನೆಯದರ ಮೇಲೆ ಬೆರಳಿಟ್ಟು ನನಗೆ ತೋರಿಸಿದರು. “ಇದನ್ನ ನಾವು ಬರೀಲಿಲ್ಲ ನೋಡು,” ಎಂದರು.

ಮಾರ್ಚಿನಲ್ಲಿ ನನ್ನ ಎಫ್‌ಡಿ ಮೆಚ್ಯೂರ್ ಆಯಿತು. ಕೌಂಟರಿನ ಹುಡುಗಿ ಎಂದಿನಂತೆ ಐದು ವರ್ಷಕ್ಕೆ ರಿನ್ಯೂ ಮಾಡಲು ಫಾರಂ ತುಂಬುತ್ತಿದ್ದಳು. ತಡೆದು, ಒಂದು ವರ್ಷಕ್ಕೆ ಸಾಕು ಎಂದೆ.