ಮಾಳಿಗಿ ಇಲ್ಲದ ಗಾಡಿ

ಎಳ್ಳ ಅಮಾವಾಸ್ಯೆಯ ಹಿಂದಿನ ರಾತ್ರಿ ರಾಯಚೂರಿನ ನಮ್ಮ ಓಣಿಯ ನಾಯಿಗಳೆಲ್ಲ ಒಮ್ಮೆಲೇ ಬೊಗಳತೊಡಗಿದವು. ಹೊರಗೆ ಬಂದು ನೋಡಿದರೆ, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಮಲಗಿದಂತೆ ಒಂದು ಕೆಂಪು ಕಾರು ಮನೆಯ ಮುಂದೆ ನಿಂತಿತ್ತು. ಅದರೊಳಗಿನಿಂದ ನನ್ನ ತಮ್ಮನ ಮಗ ಇಳಿದ. ಅವನಿಗೆ ಹೈದರಾಬಾದಿನಲ್ಲಿ ಕಂಪ್ಯೂಟರ್ ಕೆಲಸ.

“ದೊಡ್ಡಪ್ಪ, ಒಂದ್ ನಿಮಿಷ ಅಲ್ಲೇ ನಿಲ್ರಿ” ಎಂದವನೇ ಒಂದು ಗುಂಡಿ ಒತ್ತಿದ. ಕಾರಿನ ಟಾಪು ತಾನಾಗಿಯೇ ಮೇಲೆದ್ದು, ಕೊಡೆ ಮಡಚಿದಂತೆ ಮಡಚಿಕೊಂಡು, ಹಿಂದಿನ ಡಿಕ್ಕಿಯೊಳಗೆ ಹೋಗಿ ಕೂತಿತು. ನಾಲ್ಕನೇ ಕ್ಲಾಸಿನ ನನ್ನ ಮೊಮ್ಮಗಳು ಚಪ್ಪಾಳೆ ತಟ್ಟಿ ಕುಣಿದಳು. ಎದುರುಮನೆಯ ಅಜ್ಜಿ ಮಾತ್ರ, “ಅಯ್ಯ, ಹೊಸಾ ಗಾಡಿ ಮುರದೇ ಹೋತಲ್ಲೋ!” ಎಂದು ಗಾಬರಿಯಾದರು.

ಇಂಥ ಕಾರಿಗೆ ಕನ್ವರ್ಟಿಬಲ್ ಎನ್ನುತ್ತಾರೆ. ಅದರಲ್ಲೂ ಇದು ‘ಗ್ರ್ಯಾಂಡ್ ಟೂರರ್’ ಜಾತಿಯದು ಎಂದು ಅವನು ಹೇಳಿದ. ನಾನು ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನು, ಹೊಸ ಶಬ್ದ ಕಿವಿಗೆ ಬಿದ್ದರೆ ಅದರ ಬೇರು ಹುಡುಕದೆ ಬಿಡುವವನಲ್ಲ. ಮಕ್ಕಳೇ, ಹದಿನೇಳು, ಹದಿನೆಂಟನೇ ಶತಮಾನಗಳಲ್ಲಿ ಇಂಗ್ಲೆಂಡಿನ ಶ್ರೀಮಂತರ ಮಕ್ಕಳು ಓದು ಮುಗಿದ ಮೇಲೆ ಫ್ರಾನ್ಸ್ ದಾಟಿ ಇಟಲಿಯವರೆಗೆ ಕುದುರೆ ಗಾಡಿಯಲ್ಲಿ ತಿರುಗಾಡಿ, ಊರು ಕೇರಿ, ಚಿತ್ರ, ಕಟ್ಟಡ ನೋಡಿಕೊಂಡು ಬರುತ್ತಿದ್ದರು. ಆ ದೊಡ್ಡ ಪ್ರವಾಸಕ್ಕೆ ‘ಗ್ರ್ಯಾಂಡ್ ಟೂರ್’ ಎಂದು ಹೆಸರು. ಮುಂದೆ ಕಾರುಗಳು ಬಂದಾಗ, ದೂರದ ದಾರಿಯನ್ನು ವೇಗವಾಗಿಯೂ ಸುಖವಾಗಿಯೂ ಕ್ರಮಿಸುವ ಕಾರಿಗೆ ಅದೇ ಹೆಸರು ಅಂಟಿಕೊಂಡಿತು.

ಅವನಿಗೆ ಈ ಆಸೆ ಹುಟ್ಟಿದ್ದು ಮಾತ್ರ ಇಟಲಿಯಿಂದಲ್ಲ, ನಮ್ಮ ಅಪ್ಪನ ಬಂಡಿಯಿಂದ. ದೇವದುರ್ಗದ ಕಡೆ ನಮ್ಮದು ಆರು ಎಕರೆ ಎರೆಹೊಲ ಇದೆ. ಇವನು ಸಣ್ಣವನಿದ್ದಾಗ ಹತ್ತಿ ಬಿಡಿಸಿ ಮುಗಿದ ಸಂಜೆ ಅಪ್ಪ ಇವನನ್ನು ಹತ್ತಿಯ ಅಂಡಿಗೆಗಳ ಮೇಲೆ ಅಂಗಾತ ಮಲಗಿಸಿ ಊರಿಗೆ ಬಂಡಿ ಹೊಡೆಯುತ್ತಿದ್ದರು. ದಾರಿಯುದ್ದಕ್ಕೂ ಹುಡುಗ ಚುಕ್ಕಿ ಎಣಿಸುತ್ತಿದ್ದ. “ನಾನೂ ದೊಡ್ಡಾಂವ ಆದ ಮ್ಯಾಲ ಟಾಪಿಲ್ಲದ ಗಾಡೀನ ತಗೋತೀನಿ” ಎಂದಿದ್ದ. ಎಲ್ಲರೂ ನಕ್ಕಿದ್ದೆವು.

ಆ ರಾತ್ರಿ ಊಟವಾದ ಮೇಲೆ ನಗು ಇಳಿಯಿತು. ಹಳೆಯ ಕಾರಾದರೂ ಕೊಂಡದ್ದು ಸಾಲ ಮಾಡಿ. ತಿಂಗಳ ಕಂತು ದೊಡ್ಡದು, ವಿಮೆ ದೊಡ್ಡದು, ಒಂದು ಟಾಯರಿನ ಬೆಲೆಗೆ ನಮ್ಮ ಕಡೆ ಒಂದು ಎಮ್ಮೆ ಬರುತ್ತದೆ. ಪೆಟ್ರೋಲು ಲೀಟರಿಗೆ ಏಳೆಂಟು ಕಿಲೋಮೀಟರ್ ಮಾತ್ರ. “ದೊಡ್ಡಪ್ಪ, ಹೊಲದಾಗಿನ ನನ್ನ ಪಾಲಿನ ಎರಡೆಕರೆ ಮಾರಿದ್ರ ಸಾಲ ತೀರ್ತದ” ಎಂದ, ನನ್ನ ಮುಖ ನೋಡದೆ. ತಮ್ಮ ತೀರಿಹೋದ ಮೇಲೆ ಅವನ ಪಾಲು ಇವನದೇ. ಆದರೆ ಪಹಣಿಯಲ್ಲಿ ನನ್ನದು, ಮಾನ್ವಿಯಲ್ಲಿರುವ ನಮ್ಮ ಅಕ್ಕನದು, ಇವನದು, ಮೂವರ ಹೆಸರೂ ಜಂಟಿಯಾಗಿದೆ. ಸಹಿ ಮೂವರದೂ ಬೇಕು. “ನಾಳೆ ಅಕ್ಕನ್ನ ಕರಕೊಂಡು ಚರಗಕ್ಕ ಹೋಗಾಮು. ಅಲ್ಲೇ ಮಾತಾಡಾಮು” ಎಂದೆ. ನನಗೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಹೊರಟೆವು. ಟಾಪು ಡಿಕ್ಕಿಯೊಳಗೆ ಕೂತಿದ್ದರಿಂದ ಬುತ್ತಿಗಂಟಿಗೆ ಜಾಗವೇ ಇಲ್ಲ. ಸಜ್ಜಿ ರೊಟ್ಟಿ, ಭಜ್ಜಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆಯ ಬುಟ್ಟಿ ನನ್ನ ತೊಡೆ ಮೇಲೆ ಬಂತು. ಬಸ್ ನಿಲ್ದಾಣದ ಹತ್ತಿರ ಕೋಟೆ ಗೋಡೆ ಬಂದಾಗ ಮೊಮ್ಮಗಳಿಗೆ ಅಲ್ಲಿಯ ದೊಡ್ಡ ಶಾಸನದ ಕಲ್ಲಿನ ವಿಷಯ ಹೇಳಿದೆ. 1294ರಲ್ಲಿ ಕೋಟೆ ಕಟ್ಟಿದ ಸಂಗತಿ ಅದರ ಮೇಲಿದೆ. ಕಲ್ಲಿನ ಉದ್ದ ಸುಮಾರು 41 ಅಡಿ. ಅದನ್ನು ಗಾಲಿಯ ಬಂಡಿಯ ಮೇಲೆ ಹೇರಿ, ಜಾನುವಾರುಗಳ ಸಾಲು ಕಟ್ಟಿ ಎಳೆದು ತಂದದ್ದರ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ. “ಹಂಗಾದ್ರ ಆ ಬಂಡೀಗೂ ಟಾಪಿಲ್ಲ ತಾತ!” ಎಂದಳು.

ಊರು ದಾಟಿದ ಮೇಲೆ ಕಾರಿನ ಸೊಗಸು ಗೊತ್ತಾಯಿತು. ಬಸ್ಸಿನ ಕಿಟಕಿಯಲ್ಲಿ ನೂರಾರು ಸಲ ನೋಡಿದ ದಾರಿಯೇ ಅದು. ಆದರೆ ಅವತ್ತು ಇಬ್ಬನಿ ಬಿದ್ದ ಜೋಳದ ವಾಸನೆ, ಒಣಮೆಣಸಿನಕಾಯಿ ಕಣದ ಘಾಟು, ಕಾಲುವೆ ನೀರಿನ ತಂಪು ಒಂದೊಂದೂ ಬೇರೆಬೇರೆಯಾಗಿ ಮೂಗಿಗೆ ಬಂತು. ಗಿಡದ ಮೇಲಿನ ಹಕ್ಕಿಯ ದನಿ ಕೇಳಿತು. ಅರವತ್ತೆಂಟರ ನನಗೆ ಹತ್ತು ವರ್ಷದವನಾದಂತೆ ಅನಿಸಿತು. ಕಾರು ಜೋರಾದ ಕೂಡಲೇ ಗಾಳಿ ನನ್ನ ಟೋಪಿಯನ್ನು ಎತ್ತಿಕೊಂಡು ಹೋಗಿ ಹತ್ತಿಹೊಲದಲ್ಲಿ ಬಿಸಾಕಿತು. ಮೊಮ್ಮಗಳು ಎದ್ದು ನಿಂತು ನೋಡಹೋದಳು. ಗದರಿಸಿ ಕೂರಿಸಿ ಬೆಲ್ಟ್ ಬಿಗಿದೆ. ತೆರೆದ ಕಾರಿನಲ್ಲಿ ಎದ್ದು ನಿಲ್ಲುವುದು ಸಿನಿಮಾಕ್ಕೆ ಸರಿ, ರಸ್ತೆಗೆ ಅಲ್ಲ.

ಪ್ರತಿ ಹಳ್ಳಿಯಲ್ಲೂ ಹಂಪ್ ಇದೆ. ಹಂಪ್ ಬಂದಾಗಲೆಲ್ಲ ಅವನು ಉಸಿರು ಬಿಗಿಹಿಡಿದು ಕಾರನ್ನು ಓರೆಯಾಗಿ ಹತ್ತಿಸುತ್ತಿದ್ದ. ಆದರೂ ಹೊಟ್ಟೆ ಕರ್ರೆಂದು ಉಜ್ಜುತ್ತಿತ್ತು. ಇಂಥ ಕಾರು ಭಾರ ಯಾಕೆಂದು ಅವನೇ ಹೇಳಿದ. ಮನೆಗೆ ತೊಲೆ ಹೇಗೋ ಕಾರಿಗೆ ಟಾಪು ಹಾಗೆ, ಅದು ಬಾಡಿಯನ್ನು ಬಿಗಿಯಾಗಿ ಹಿಡಿದಿರುತ್ತದೆ. ಅದನ್ನು ತೆಗೆದರೆ ಕಾರು ಬಳುಕಬಾರದೆಂದು ಕೆಳಗಡೆ ಹೆಚ್ಚಿನ ಉಕ್ಕು ಸೇರಿಸಬೇಕು.

ಮಾನ್ವಿಯಲ್ಲಿ ಅಕ್ಕ ಸೀರೆ ಉಟ್ಟು ಕಾಯುತ್ತಿದ್ದಳು. ಅವಳಿಗೆ ಎಪ್ಪತ್ತಾರು ವರ್ಷ, ಎರಡೂ ಮೊಣಕಾಲು ನೋವು. “ಇದೇನೋ ತಮ್ಮಾ, ಮಾಳಿಗಿ ಇಲ್ಲದ ಗಾಡಿ!” ಎಂದಳು. ಎತ್ತರದ ಕಾರಾದರೆ ಸೀಟಿನ ಮೇಲೆ ಕೂತು ಕಾಲು ಎಳೆದುಕೊಳ್ಳಬಹುದು. ಇದರಲ್ಲಿ ಬಾವಿಗೆ ಇಳಿದಂತೆ ಇಳಿಯಬೇಕು. ನಾನು ಒಂದು ಕಡೆ, ಅವನು ಒಂದು ಕಡೆ ಹಿಡಿದು, “ಅತ್ತಿ, ಮೆಲ್ಲಕ ಕುಂದ್ರ್ರಿ” ಎನ್ನುತ್ತ ಮುಂದಿನ ಸೀಟಿಗೆ ಇಳಿಸುವಷ್ಟರಲ್ಲಿ ಹತ್ತು ನಿಮಿಷ ಹಿಡಿಯಿತು. ಇರುವುದು ಎರಡೇ ಬಾಗಿಲು. ನಾನು ಬುಟ್ಟಿ ಹೊತ್ತು ಹಿಂದಿನ ಸೀಟಿಗೆ ನುಸುಳಿದೆ. ಮೊಣಕಾಲು ಗದ್ದಕ್ಕೆ ಬಂತು.

ಸಿರವಾರ ದಾಟುವ ಹೊತ್ತಿಗೆ ಹನ್ನೊಂದಾಗಿತ್ತು. ಚಳಿಗಾಲವಾದರೂ ನಮ್ಮ ಕಡೆಯ ಬಿಸಿಲು ಬಿಸಿಲೇ. ಬೇಸಿಗೆಯಲ್ಲಿ 42, 43 ಡಿಗ್ರಿ ಮುಟ್ಟುವ ಊರು ನಮ್ಮದು. ಮುಂದಿದ್ದ ಲಾರಿಯ ಧೂಳು ಅಕ್ಕನ ಕಣ್ಣಿಗೆ ಬಿತ್ತು. ಅವನು ಗುಂಡಿ ಒತ್ತಿ ಟಾಪು ಮುಚ್ಚಿ ಎ.ಸಿ. ಹಾಕಿದ. ಅಷ್ಟರಲ್ಲಿ ಪಕ್ಕದಲ್ಲಿ ಒಂದು ಟ್ರ್ಯಾಕ್ಟರ್ ಬಂತು. ಟ್ರ್ಯಾಲಿ ತುಂಬ ಹೆಣ್ಣುಮಕ್ಕಳು, ಕೂಸುಗಳು, ಬುಟ್ಟಿಗಳು. ನಮ್ಮಂತೆಯೇ ಚರಗಕ್ಕೆ ಹೊರಟವರು. ತಲೆ ಮೇಲೆ ಸೆರಗು ಎಳೆದುಕೊಂಡಿದ್ದರು. ಒಬ್ಬಾಕೆ ಕೂಸಿನ ಮೇಲೆ ಪರಾತ ಹಿಡಿದು ನೆರಳು ಮಾಡಿದ್ದಳು.

ಮೊಮ್ಮಗಳು ಬಹಳ ಹೊತ್ತು ನೋಡಿ, “ತಾತ, ಅವರ ಗಾಡೀಗೆ ಗುಂಡಿ ಇಲ್ಲೇನು?” ಎಂದಳು.

ಯಾರೂ ಮಾತಾಡಲಿಲ್ಲ. ನನಗೆ ಅನಿಸಿದ್ದು ಇಷ್ಟು: ಆಕಾಶ ಕಾಣುವ ಗಾಡಿ ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಬಂಡಿ, ಟ್ರ್ಯಾಲಿ, ಕೂಲಿಯವರ ಗೂಡ್ಸ್ ಗಾಡಿ ಎಲ್ಲವೂ ಅಂಥವೇ. ನಮ್ಮ ಹುಡುಗ ಅಷ್ಟೊಂದು ಹಣ ಕೊಟ್ಟದ್ದು ಟಾಪು ತೆರೆಯುವುದಕ್ಕಲ್ಲ, ಬೇಕೆಂದಾಗ ಮುಚ್ಚಿಕೊಳ್ಳುವುದಕ್ಕೆ. ಅವನಿಗೂ ಹಾಗೇ ಅನಿಸಿತೋ ಏನೋ, ಕಾರು ನಿಧಾನ ಮಾಡಿ ಟ್ರ್ಯಾಕ್ಟರಿಗೆ ದಾರಿ ಬಿಟ್ಟ.

ಡಾಂಬರು ರಸ್ತೆ ಮುಗಿದಲ್ಲಿ ನಮ್ಮ ಕಾರಿನ ದಾರಿಯೂ ಮುಗಿಯಿತು. ಹೊಲಕ್ಕೆ ಇನ್ನೂ ಒಂದು ಮೈಲಿ ಬಂಡಿ ಜಾಡು. ಎರೆಮಣ್ಣಿನ ಆ ಜಾಡಿನಲ್ಲಿ ಇಳಿದರೆ ಕಾರು ಹೊಟ್ಟೆ ಮೇಲೆ ಕೂತುಬಿಡುತ್ತದೆ. ನಮ್ಮ ಹೊಲವನ್ನು ಪಾಲಿಗೆ ಮಾಡುವ ರೈತನೇ ಎತ್ತಿನ ಬಂಡಿ ತಂದ. ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ, ಮಂಗಗಳು ಟಾಪಿನ ಬಟ್ಟೆ ಹರಿಯದಂತೆ ಕಾಯಲು ಒಬ್ಬ ಹುಡುಗನನ್ನು ಕೂರಿಸಿ, ಬಂಡಿ ಹತ್ತಿದೆವು. ಅಕ್ಕ ಮಾತ್ರ ಹಿಂದಿನಿಂದ ಕಲ್ಲಿನ ಮೇಲೆ ಕಾಲಿಟ್ಟು ತಾನೇ ಹತ್ತಿದಳು.

ಚರಗ ಚೆಲ್ಲಿದೆವು, ಜೋಳದ ನೆರಳಿಗೆ ಕೂತು ಉಂಡೆವು. ಉಂಡ ಮೇಲೆ ಹೊಲದ ಮಾತು ತೆಗೆದೆ. ಅಕ್ಕ ಸಿಟ್ಟಾಗಲಿಲ್ಲ. “ವಿಚಾರ ಮಾಡ್ತೀನಿ” ಎಂದಳು, ಬದುವಿನ ಮೇಲೆ ಒಂದು ಸುತ್ತು ಕುಂಟುತ್ತ ನಡೆದು ಬಂದಳು, ಅಷ್ಟೇ. ಮೊಮ್ಮಗಳಿಗೆ ಹೊತ್ತು ಹೋಗಲೆಂದು ನಾನು ನಿಜಾಮರ ಕಾರಿನ ಕಥೆ ಹೇಳಿದೆ. 1956ರವರೆಗೆ ರಾಯಚೂರು ಹೈದರಾಬಾದ್ ಸಂಸ್ಥಾನ, ರಾಜ್ಯಗಳಿಗೇ ಸೇರಿತ್ತು. ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಸಿಂಹಾಸನದಂಥ ಸೀಟು ಇರುವ ಹಳದಿ ರೋಲ್ಸ್ ರಾಯ್ಸ್ ಹೇಳಿ ಮಾಡಿಸಿದ. ಕಾರು ಕೈಗೆ ಬರುವ ಮೊದಲೇ, 1911ರಲ್ಲಿ ತೀರಿಕೊಂಡ. ಮೆರವಣಿಗೆಗಷ್ಟೇ ಹೊರಬೀಳುತ್ತಿದ್ದ ಆ ಕಾರು ಓಡಿದ್ದು ತೀರಾ ಕಡಿಮೆ. ಈಗ ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ನಿಂತಿದೆ. “ನನ್ನ ಕಾರೂ ಅಪಾರ್ಟ್‌ಮೆಂಟಿನ ಕೆಳಗ ಹಂಗೇ ನಿಂತಿರ್ತದ ದೊಡ್ಡಪ್ಪ” ಎಂದು ಅವನು ನಕ್ಕ. ನಗುವಿನಲ್ಲಿ ದಣಿವಿತ್ತು.

ಮರಳಿ ಕಾರಿಗೆ ಬರುವಾಗ ಕತ್ತಲಾಗಿತ್ತು. ಚಳಿಯಿತ್ತು. “ಟಾಪು ತಗಿ ಅಳಿಯಾ” ಎಂದಳು ಅಕ್ಕ, ಶಾಲು ಕಿವಿಗೆ ಸುತ್ತಿಕೊಂಡು. ಅಮಾವಾಸ್ಯೆಯ ಆಕಾಶ! ಅವನು ದೀಪ ಆರಿಸಿ ಮರದಾಚೆ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿಸಿದ. ಅಕ್ಕ ತಲೆ ಹಿಂದಕ್ಕೆ ಹಾಕಿ ಬೆರಳು ಮಾಡಿದಳು. “ಅದು ಕೃತ್ತಿಕಾ. ಅದರ ಕೆಳಗ ರೋಹಿಣಿ. ಆ ಮೂರು ಚುಕ್ಕಿ ಸಾಲಾಗಿ ಅದಾವಲ್ಲ, ಅಲ್ಲಿ ಮಿರಗ. ಈಗ ಥಂಡ್ಯಾಗ ರಾತ್ರಿ ಕಾಣ್ತದ. ಸೂರ್ಯಾ ಅದರ ಮನಿಗೆ ಬಂದಾಗ ನಮಗ ಅದು ಕಾಣಂಗಿಲ್ಲ, ಮಳಿ ಬರ್ತದ. ನಮ್ಮಪ್ಪ ಬಂಡ್ಯಾಗ ಹೇಳಿಕೊಟ್ಟಿದ್ದ.” ಜೂನ್ 7, 8ರ ಸುಮಾರಿಗೆ ಸೂರ್ಯ ಮೃಗಶಿರಾ ನಕ್ಷತ್ರಕ್ಕೆ ಬರುವುದನ್ನು ನಾನು ಪಂಚಾಂಗದಲ್ಲಿ ಓದಿದ್ದೆ. ಅಕ್ಕ ಆಕಾಶದಲ್ಲೇ ಓದಿದ್ದಳು. ಮೂವತ್ತು ವರ್ಷಗಳಲ್ಲಿ ಅವಳು ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ. ಆ ಅರ್ಧ ಗಂಟೆಗೆ ಆ ಕಾರು ಬೆಲೆ ಬಾಳಿತು ಎಂದು ಇಂದಿಗೂ ಹೇಳುತ್ತೇನೆ.

ಆಮೇಲೆ ಅವಳೇ ಮಾತು ತೆಗೆದಳು. “ಅಳಿಯಾ, ನಿನ್ನ ಪಾಲು ನಿಂದು. ನೀ ಮಾರತೀನಂದ್ರ ನಾ ಸಹಿ ಹಾಕ್ತೀನಿ. ಆದ್ರ ಒಂದು ಮಾತು. ಇದು ದೂರ ಹೋಗೋ ಗಾಡಿ ಅಂದಿ. ಹೊಲಾ ಮಾರಿದ ಮ್ಯಾಲ ಇದು ಎಲ್ಲಿಗೆ ಹೋಗಬೇಕು?”

ಅವನು ಉತ್ತರ ಕೊಡಲಿಲ್ಲ. ಮಾನ್ವಿಯವರೆಗೂ ಟಾಪು ತೆರೆದೇ ಇತ್ತು.

ಹೊಲದ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಮರುವರ್ಷದ ಎಳ್ಳ ಅಮಾವಾಸ್ಯೆಗೆ ಬಂದಾಗ ಕೆಂಪು ಕಾರು ಇರಲಿಲ್ಲ. ಕೊಂಡ ಬೆಲೆಗಿಂತ ಬಹಳ ಕಡಿಮೆಗೆ ಕೊಟ್ಟು, ಕೈಯಿಂದಲೂ ಒಂದಿಷ್ಟು ಸೇರಿಸಿ ಸಾಲ ತೀರಿಸಿದ್ದನಂತೆ. ಈ ಸಲ ತಂದದ್ದು ಎತ್ತರದ, ಅಗಲವಾದ, ಸಾಧಾರಣ ಕಾರು. ಬುಟ್ಟಿ ಡಿಕ್ಕಿಯಲ್ಲಿ ಕೂತಿತು, ನನ್ನ ಮೊಣಕಾಲು ಅದರ ಜಾಗದಲ್ಲೇ ಇತ್ತು, ಅಕ್ಕ ಯಾರ ಕೈಯನ್ನೂ ಹಿಡಿಯದೆ ಹತ್ತಿದಳು. ಹತ್ತಿ ಕೂತು ಮೇಲೆ ನೋಡಿ, “ಅಯ್ಯ, ಇದಕ್ಕ ಮಾಳಿಗಿ ಅದ!” ಎಂದು ಮುಖ ಸಣ್ಣದು ಮಾಡಿದಳು.

“ಇರ್ಲಿ ಬಿಡ್ರಿ ಅತ್ತಿ, ಹೊಲದಾಗ ಬಂಡಿ ಅದ” ಎಂದ ಅವನು. ಅವತ್ತು ರಾತ್ರಿ ಹೊಲದಿಂದ ಡಾಂಬರು ರಸ್ತೆಯವರೆಗಿನ ಒಂದು ಮೈಲಿಯನ್ನು ನಾಲ್ವರೂ ಬಂಡಿಯಲ್ಲಿ ಮೇವಿನ ಮೇಲೆ ಅಂಗಾತ ಮಲಗಿಕೊಂಡು ಬಂದೆವು. ಚುಕ್ಕಿಗಳ ಹೆಸರನ್ನು ಈ ಸಲ ಹೇಳಿದವಳು ನನ್ನ ಮೊಮ್ಮಗಳು. ಒಂದನ್ನು ತಪ್ಪು ಹೇಳಿದಳು, ಅಕ್ಕ ತಿದ್ದಿದಳು.