ಮಟ್ಟುವಿನ ಮನೆಯಲ್ಲಿ ಬೇಸಗೆಯ ರಜೆ

ಬೇಸಗೆಯ ರಜೆಯನ್ನು ಕಳೆಯುವದಕ್ಕಾಗಿ ಅನುಕೂಲವುಳ್ಳವರು ಊಟಿ, ಕೊಡಗು ಮೊದಲಾದ ತಂಪು ಸ್ಥಳಗಳನ್ನು ಅರಸಿಕೊಂಡು ಹೋಗುವದುಂಟು. ಈ ಶಾಲೆಯಲ್ಲಿ ಬೇರೆ ಬೇರೆ ವರ್ಷಗಳಲ್ಲಿ ಓದಿ, ಮದುವೆಯಾಗಿ ಮೂರು ಊರುಗಳಲ್ಲಿ ನೆಲಸಿದ ಅಕ್ಕತಂಗಿಯರಾದ ನಾವಾದರೋ, ವರ್ಷಕ್ಕೊಮ್ಮೆ ತಂದೆತಾಯಿಗಳೊಡನೆ ಕೂಡುವದಕ್ಕೆ ಆರಿಸಿಕೊಂಡದ್ದು ಬಿಸಿಲಿಗೂ ಬೆವರಿಗೂ ಹೆಸರಾದ ನಮ್ಮ ಕರಾವಳಿಯ ಒಂದು ಹಳ್ಳಿಯನ್ನೇ. ಸಂಚಿಕೆಗೆ ಏನಾದರೂ ಬರೆಯಿರೆಂದು ಅಪ್ಪಣೆಯಾದಾಗ ಮೂವರಿಗೂ ನೆನಪಾದದ್ದು ಅಲ್ಲಿಯ ಮನೆ. ಒಬ್ಬಳು ಬರೆದದ್ದನ್ನು ಇಬ್ಬರು ತಿದ್ದಿರುವದರಿಂದ, ತಪ್ಪುಗಳಿದ್ದರೆ ಮೂರು ಪಾಲು ಮಾಡಿಕೊಳ್ಳುವೆವು.

ಉಡುಪಿಗೂ ಕಾಪುವಿಗೂ ನಡುವೆ ಇರುವ ಕಟಪಾಡಿಯಲ್ಲಿ ಹೆದ್ದಾರಿಯನ್ನು ಬಿಟ್ಟು ಪಡುವಣಕ್ಕೆ ತಿರುಗಿದರೆ ಮಟ್ಟು ಗ್ರಾಮವು ಸಿಕ್ಕುವದು. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು. ನಡುವೆ ಕಿರಿದಾದ ನೆಲ, ಅದರ ಮೇಲೆ ತೆಂಗು. ಇಲ್ಲಿಯ ಗುಂಡನೆಯ ಹಸುರು ಬದನೆಯಾದ ಮಟ್ಟುಗುಳ್ಳಕ್ಕೆ 2011ರಲ್ಲಿ ಸರಕಾರದ ಭೌಗೋಳಿಕ ಗುರುತು ದೊರೆತಿದೆ. ಅದರ ಬೀಜವನ್ನು ವಾದಿರಾಜ ಸ್ವಾಮಿಗಳು ಕೊಟ್ಟರೆಂದು ಊರವರು ನಂಬಿದ್ದಾರೆ. ರಾತ್ರಿ ಜಗಲಿಯಲ್ಲಿ ಕುಳಿತರೆ ದಕ್ಷಿಣದಲ್ಲಿ ಕಾಪುವಿನ ದೀಪಸ್ತಂಭದ ಬೆಳಕು ಹೊಳೆದು ಆರುವದು. ಬಂಡೆಯ ಮೇಲಿನ ಆ ಸ್ತಂಭವನ್ನು 1901ರಲ್ಲಿ ಕಟ್ಟಿದರು. ನಮ್ಮ ಮಕ್ಕಳು ಎರಡು ಹೊಳಪುಗಳ ನಡುವೆ ಉಸಿರು ಬಿಗಿಹಿಡಿಯುವ ಆಟವನ್ನು ಕಂಡುಹಿಡಿದು, ಬೇಗನೆ ನಿದ್ರೆ ಬರಿಸಿಕೊಳ್ಳುತ್ತಿದ್ದರು; ತಾಯಂದಿರಾದ ನಮಗೆ ಅದು ಅನುಕೂಲವೇ ಆಯಿತು.

ಮನೆಯು ಮಂಗಳೂರು ಹೆಂಚಿನದು. ಎರಡು ಕೋಣೆ, ಒಂದು ಚಾವಡಿ, ಹಿಂದೆ ಅಡಿಗೆಮನೆ, ಕಾವಿಯ ಕೆಂಪು ನೆಲ. ಹತ್ತು ಮಂದಿ ಅದರಲ್ಲಿ ಹೇಗೆ ಮಲಗಿದೆವೆಂದು ಕೇಳಬಾರದು. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ; ಮಧ್ಯಾಹ್ನ ಬಂಗುಡೆಯ ಸಾರು. ಮೀನಿನ ಬುಟ್ಟಿ ಬಾಗಲಿಗೆ ಬಂದ ಕೂಡಲೆ ನಮ್ಮ ತಾಯಿಯವರು ಕಿವಿರನ್ನು ಎತ್ತಿ ನೋಡಿ, ಅದು ನಿನ್ನೆಯದೆಂದು ಹೇಳುವರು. ಮಾರುವವಳು ಇಂದಿನದೆಂದು ಆಣೆ ಇಡುವಳು. ಅರ್ಧ ಗಂಟೆಯಾದ ಮೇಲೆ ಇಬ್ಬರೂ ಒಂದೇ ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಳ್ಳುವರು.

ಬಾವಿಯ ನೀರನ್ನು ಕೊಡದಿಂದ ಸೇದಬೇಕೇ ಹೊರತು ಪಂಪು ಇಡಕೂಡದೆಂಬದು ಮನೆಯೊಡತಿಯ ಕಟ್ಟಪ್ಪಣೆ. ಇದು ಜಿಪುಣತನವೆಂದು ನಮ್ಮ ಅಳಿಯಂದಿರೊಬ್ಬರು ಗೊಣಗಿದರು. ಆದರೆ ಕಡಲಕರೆಯ ಮರಳಿನಲ್ಲಿ ಮಳೆಯ ಸಿಹಿನೀರು ಹಗುರವಾದದ್ದರಿಂದ ಭಾರವಾದ ಉಪ್ಪುನೀರಿನ ಮೇಲೆ ತೇಲಿಕೊಂಡಿರುವದು. ಮೇಲಿನದನ್ನು ಒಮ್ಮೆಗೇ ಎಳೆದರೆ ಕೆಳಗಿನದು ಏರಿ ಬರುವದು. ಪುಸ್ತಕವನ್ನು ಓದದ ಆ ಹೆಂಗಸಿಗೆ ಇದು ಚೆನ್ನಾಗಿ ತಿಳಿದಿತ್ತು.

ಆಕೆಯು ಮೊಗವೀರರ ಮನೆಯವರು. ನಮ್ಮ ಮಕ್ಕಳಿಗೆ ಅಜ್ಜಿ, ತಾಯಿಯವರಿಗೆ ಅಕ್ಕ. ಹಿತ್ತಲಿನ ಸಣ್ಣ ಮನೆಯಲ್ಲಿ ಮಗ, ಸೊಸೆ, ಮೊಮ್ಮಗಳೊಡನೆ ವಾಸಿಸುತ್ತಿದ್ದರು. ಗಂಡನು ರಂಪಣಿಯವನಾಗಿದ್ದನು. ಆ ಮಹಾ ಬಲೆಯನ್ನು ದೋಣಿಯಿಂದ ಕಡಲಿನಲ್ಲಿ ಅರ್ಧ ವೃತ್ತವಾಗಿ ಇಳಿಸಿ, ಎರಡು ತುದಿಗಳನ್ನೂ ದಡದಲ್ಲಿ ಹತ್ತಾರು ಜನರು ಹಿಡಿದು ಎಳೆಯುತ್ತಿದ್ದರು, ಕೈಯಿಟ್ಟವರಿಗೆಲ್ಲ ಪಾಲು. 1970ರ ದಶಕದ ಉತ್ತರಾರ್ಧದಲ್ಲಿ ಯಂತ್ರದ ಪರ್ಸೀನ್ ದೋಣಿಗಳು ಬಂದ ಮೇಲೆ ರಂಪಣಿಯು ಕ್ರಮೇಣ ಮೂಲೆ ಸೇರಿತು.

ನಮ್ಮ ತಂದೆಯವರು ನಿವೃತ್ತ ಉಪಾಧ್ಯಾಯರು. ಯಾವದನ್ನೂ ಎಣಿಸದೆ ಬಿಡುವವರಲ್ಲ. ನಾವು ಮೊದಲು ಹೋದ 2015ರಲ್ಲಿ ಅವರು ಬಾವಿಯ ಕಟ್ಟೆಯಿಂದ ಮರಳದಿಬ್ಬದ ಅಂಚಿನವರೆಗೆ ನಡೆದು 71 ಹೆಜ್ಜೆಯೆಂದು ಬರೆದುಕೊಂಡರು. 2019ರಲ್ಲಿ ಅದು 48ಕ್ಕೆ ಇಳಿದಿತ್ತು. ಮಳೆಗಾಲದ ದೊಡ್ಡ ತೆರೆಗಳು ದಡದ ಮರಳನ್ನು ಒಳಕ್ಕೆ ಒಯ್ಯುವವು. ಕಡಲು ಶಾಂತವಾದ ಮೇಲೆ ಸಣ್ಣ ತೆರೆಗಳು ಅದನ್ನು ಮರಳಿ ತಂದೊಪ್ಪಿಸುವವು. ಒಯ್ದದ್ದಕ್ಕಿಂತ ತಂದದ್ದು ಕಡಿಮೆಯಾದ ವರ್ಷ ದಡವು ಹಿಂದೆ ಸರಿಯುವದು. ಕರ್ಗಲ್ಲುಗಳ ರಾಶಿ ಹಾಕಿದಲ್ಲಿ ಆ ಸ್ಥಳವೇನೋ ನಿಲ್ಲುವದು, ಆದರೆ ತೆರೆಯು ಕಲ್ಲಿಗೆ ಬಡಿದು ಅದರ ಬುಡವನ್ನೂ ನೆರೆಯವರ ದಡವನ್ನೂ ಕೆರೆಯುವದು.

ಆ ವರ್ಷವೇ ಮಗನು ತಂದೆಯವರ ಬಳಿಗೆ ಬಂದು, ಮನೆಯನ್ನು ನೀವೇ ಕೊಂಡುಕೊಳ್ಳಿರೆಂದು ಕೇಳಿದನು. ಮಗಳನ್ನು ದಾದಿಯರ ಶಿಕ್ಷಣಕ್ಕೆ ಸೇರಿಸಬೇಕಾಗಿತ್ತು. ಕ್ರಯವು ನಮ್ಮ ಕೈಗೆ ಎಟಕುವಷ್ಟೇ ಇತ್ತು. ನಮ್ಮಲ್ಲಿ ಇಬ್ಬರು ಆ ಕ್ಷಣವೇ ಪರದೆಗೆ ಯಾವ ಬಣ್ಣವೆಂದು ಮಾತಾಡಿಕೊಂಡೆವು. ಮರುದಿನ ಬೆಳಕು ಹರಿಯುವ ಮೊದಲೇ ಅಜ್ಜಿಯವರು ತಂದೆಯವರನ್ನು ದಡಕ್ಕೆ ಕರೆದೊಯ್ದರು. ಹಿಂದೆಯೇ ನಾವೂ ಹೋದೆವು. ಅವರು ತುಳುವಿನಲ್ಲಿ ಹೇಳಿದ್ದನ್ನು ಇಲ್ಲಿ ಕನ್ನಡಿಸುತ್ತೇವೆ.

“ಮಾಸ್ಟ್ರೇ, ಅಗೋ, ಆ ನೊರೆ ಏಳುವಲ್ಲಿ ನಮ್ಮ ದೋಣಿಯ ಕೊಟ್ಟಿಗೆ ಇತ್ತು. ನಾನು ಮದುವೆಯಾಗಿ ಬಂದಾಗ ಅದರಿಂದಲೂ ಆಚೆಗೆ ಎರಡು ಸಾಲು ತೆಂಗಿನ ಮರ. ಮಗನು ನಿಮಗೆ ಮನೆಯನ್ನು ತೋರಿಸಿದ್ದಾನೆ, ಇದನ್ನು ತೋರಿಸಿಲ್ಲ. ಇನ್ನು ನಿಮ್ಮ ಇಷ್ಟ.”

ತಂದೆಯವರು ಬಹಳ ಹೊತ್ತು ಮಾತಾಡಲಿಲ್ಲ. ಹಣದ ಅವಶ್ಯವು ಯಾರಿಗೆ ಹೆಚ್ಚೆಂಬದು ಎಲ್ಲರಿಗೂ ತಿಳಿದಿತ್ತು. ಮಗನು ಎರಡು ದಿವಸ ತಾಯಿಯೊಡನೆ ಮಾತು ಬಿಟ್ಟನು. ಅವನನ್ನು ದೂರಲು ನಮಗೆ ಮನಸ್ಸು ಬಾರದು, ಯಾಕಂದರೆ ಅವನೂ ತಂದೆಯಾಗಿದ್ದನು. ನಮ್ಮ ಚಾವಡಿಯಲ್ಲಿಯೂ ರಾತ್ರಿಯೆಲ್ಲ ಚರ್ಚೆ. ನಡುವಿನವಳು ಹೇಗಾದರೂ ಕೊಳ್ಳೋಣವೆಂದಳು, ತಾಯಿಯವರು ಬೇಡವೆಂದರು. ಕಡೆಗೆ ತಂದೆಯವರು ಕೊಳ್ಳಲಿಲ್ಲ. ಶಾಲೆಯ ಶುಲ್ಕಕ್ಕೆ ಸಾಲವಾಗಿ ಕೊಡಲು ಹೋದರೆ ಅಜ್ಜಿಯವರು ಮುಟ್ಟಲಿಲ್ಲ. ಆಗ ಅವರು ಬರುವ ಎರಡು ಬೇಸಗೆಗಳ ಬಾಡಿಗೆಯೆಂದು ಹೇಳಿ, ಬಾಡಿಗೆಗಿಂತ ಬಹು ಹೆಚ್ಚಾದ ಮೊತ್ತವನ್ನು ಅವರ ಕೈಯಲ್ಲಿಟ್ಟರು. ಅಜ್ಜಿಯವರು ಅದನ್ನು ಎರಡು ಸಲ ಎಣಿಸಿ, ಅಡಿಗೆಮನೆಯ ಬಾಗಲ ಹಿಂದೆ ಇದ್ದಲಿನಿಂದ ಎರಡು ಗೆರೆ ಎಳೆದರು.

2020ರಲ್ಲಿ ಮಹಾವ್ಯಾಧಿಯ ನಿಮಿತ್ತ ಯಾರೂ ಹೊರಡಲಿಲ್ಲ. 2021ರ ಮೇ ತಿಂಗಳ ಮಧ್ಯದಲ್ಲಿ ತೌಕ್ತೆಯೆಂಬ ಚಂಡಮಾರುತವು ಅರಬ್ಬೀ ಸಮುದ್ರದಲ್ಲಿ ಎದ್ದು, ನಮ್ಮ ಕರಾವಳಿಯ ಹೊರಗಿನಿಂದ ಉತ್ತರಕ್ಕೆ ಸಾಗಿ, 17ನೆಯ ತಾರೀಕಿನ ರಾತ್ರಿ ಗುಜರಾತಿನಲ್ಲಿ ನೆಲವನ್ನು ತಟ್ಟಿತು. ಅದು ನಮ್ಮ ಕಡೆ ನೆಲಕ್ಕೆ ಬಾರದಿದ್ದರೂ ತೆರೆಗಳನ್ನು ಕಳುಹಿಸಿತು. ದಾದಿಯರ ಶಿಕ್ಷಣದಲ್ಲಿದ್ದ ಮೊಮ್ಮಗಳು ಮೊಬೈಲಿನಲ್ಲಿ ಕಳುಹಿಸಿದ ಚಿತ್ರದಲ್ಲಿ ನಾಲ್ಕು ತೆಂಗಿನ ಮರಗಳು ಬೇರು ಮೇಲಾಗಿ ಬಿದ್ದಿದ್ದವು. ಹಿಂದೆ ಹೆಂಚಿನ ಮಾಡು ಕಾಣುತ್ತಿತ್ತು. ತಾಯಿಯವರು ಆ ಚಿತ್ರವನ್ನು ದೊಡ್ಡದು ಮಾಡಿ ಮಾಡಿ ನೋಡಿ, ಬಾವಿಕಟ್ಟೆ ಇದೆ ಎಂದರು.

2022ರ ಮೇ ತಿಂಗಳಲ್ಲಿ ಪುನಃ ಹೋದೆವು. ಮುಂದೆ ಕಲ್ಲಿನ ರಾಶಿ ಬಂದಿತ್ತು. ಬಾವಿಯ ನೀರು ಸ್ವಲ್ಪ ಉಪ್ಪಾಗಿ, ಕುಡಿಯುವದಕ್ಕೆ ಕೊಳಾಯಿಯ ನೀರನ್ನು ಹಿಡಿಯಬೇಕಾಯಿತು. ಮಗನು ತಾನೇ ಬಸ್ಸಿನ ಬಳಿಗೆ ಬಂದು ನಮ್ಮ ಗಂಟುಗಳನ್ನು ಹೊತ್ತನು. ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ತಂದೆಯವರು ಆರಾಮ ಕುರ್ಚಿಯಿಂದ ಏಳುವಂತಿರಲಿಲ್ಲವಾದ್ದರಿಂದ, ಹೆಜ್ಜೆಯೆಣಿಸುವ ಕೆಲಸವು ಮೊಮ್ಮಕ್ಕಳ ಪಾಲಿಗೆ ಬಂತು. ಒಬ್ಬನು 31 ಎಂದನು, ಒಬ್ಬಳು 24 ಎಂದಳು. ಯಾರ ಕಾಲು ಉದ್ದವೆಂಬ ಜಗಳವು ಊಟದ ತನಕ ನಡೆಯಿತು. ಎರಡೂ ಲೆಕ್ಕಕ್ಕೆ ಬಾರವು, ಕಾಲು ನೆಟ್ಟಗಾದ ಮೇಲೆ ತಾನೇ ನಡೆಯುವೆನೆಂದು ತಂದೆಯವರು ತೀರ್ಪು ಕೊಟ್ಟರು.

ಹೊರಡುವ ದಿನ ನಾವು ಬಾಡಿಗೆಯನ್ನು ತೆಗೆದಿಟ್ಟಾಗ ಅಜ್ಜಿಯವರು ನಮ್ಮನ್ನು ಬಾಗಲ ಹಿಂದಕ್ಕೆ ಕರೆದು, ಒಂದು ಗೆರೆಯನ್ನು ಸೆರಗಿನಿಂದ ಒರೆಸಿದರು. ಇನ್ನೊಂದನ್ನು ಹಾಗೆಯೇ ಬಿಟ್ಟು, ಬಚ್ಚಲಿನ ಹಂಡೆ ತಳದಲ್ಲಿ ತೂತಾಗಿದೆ, ಬರುವ ಬೇಸಗೆಗೆ ಮೊದಲು ಬೆಸುಗೆ ಹಾಕಿಸಬೇಕೆಂದು ತಾಯಿಯವರೊಡನೆ ಮಾತಿಗೆ ತೊಡಗಿದರು.