ತಂತಿ ಬಿಗಿದು ಕೊಡುವವರು
ಔರಾದ್‌ನ ನಮ್ಮ ಮನೆ ಗೋಡೆಗೆ ಅಜ್ಜನ ಏಕತಾರಿ ಇನ್ನೂ ನೇತಾಡುತ್ತಿದೆ. ಭಜನೆಯಲ್ಲಿ ಅಜ್ಜನ ಪಕ್ಕ ಕೂತು ಆ ಒಂದು ತಂತಿ ಮೀಟಿದ್ದಷ್ಟೇ ನಮ್ಮ ಕಲಿಕೆ. ಸಿತಾರ್ ಕಲಿಯುವ ಆಸೆಯಿತ್ತು. ‘ಕಲಿಸೋರು ಎಲ್ಲಿದ್ದಾರ?’ ಅಂದರು ಅಪ್ಪ. ಮಾತು ಅಲ್ಲಿಗೇ ನಿಂತಿತು.

ಕಲಿಸುವವರು ಬಂದು ನೆಲೆಸಿದರೆ ಊರೇ ಬದಲಾಗುತ್ತದೆ. ರಹಿಮತ್ ಖಾನರಿಂದ ಧಾರವಾಡ ಸಿತಾರಿನ ಊರಾಯಿತು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ, ತಮಗೇ ಕಣ್ಣು ಕಾಣದ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು.

ಈಗ ಭಾಲ್ಕಿ, ಔರಾದ್‌ನ ಮಕ್ಕಳ ಕೈಯಲ್ಲಿ ಮೊಬೈಲ್ ಇದೆ, ಪಾಠವೂ ಸಿಗುತ್ತದೆ. ಆದರೆ ತಂತಿ ಇಳಿದಾಗ ಬಿಗಿದು ಕೊಡಲು, ಬೆರಳು ಹಿಡಿದು ಸರಿಯಾಗಿ ಕೂರಿಸಲು ಪಕ್ಕದಲ್ಲಿ ಒಬ್ಬರು ಬೇಕು.

ಬೀದರ್‌ನ ಎಷ್ಟೋ ಸಂಗೀತ ಕಾರ್ಯಕ್ರಮಗಳ ಸುದ್ದಿ ಬರೆದಿದ್ದೇವೆ. ಮಕ್ಕಳಿಗೆ ಕಲಿಸುವವರ ಬಗ್ಗೆ ಒಂದು ಸಾಲೂ ಬರೆದಿಲ್ಲ. ತಪ್ಪು ನಮ್ಮದೇ. ನಿಮ್ಮೂರಲ್ಲಿ ಅಂಥವರಿದ್ದರೆ ತಿಳಿಸಿ, ಬಂದು ಬರೆಯುತ್ತೇವೆ.